ಎಂಟು ಮನೆಯ ನೀರು

ಹಳೆಯ ಸಾಮಾನು ಕೊಳ್ಳುವುದರಲ್ಲಿ ನನ್ನನ್ನು ಯಾರೂ ಯಾಮಾರಿಸಿದ್ದಿಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಮಾಡಿಯೇ ಜೋಗುಪಾಳ್ಯದಲ್ಲಿ ಮನೆ ಮಾಡಿಕೊಂಡವಳು ನಾನು. ಏನೇ ಕೊಳ್ಳಿ, ಮೊದಲು ತೂಗಿಸಿ, ಆಮೇಲೆ ಬೆಲೆ ಕೇಳಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಆ ತಕ್ಕಡಿಯನ್ನು ನಂಬಿಯೇ ಕೆಟ್ಟೆ.

ಸೊಂಟದ ಮೂಳೆ ಮುರಿದುಕೊಂಡ ನಮ್ಮಕ್ಕ ಮಹಡಿಯ ಕೋಣೆಯಲ್ಲಿ ಮಲಗಿದ್ದಳು. ಒಗೆಯುವ ಬಟ್ಟೆಗೆ ಕೊನೆಯಿರಲಿಲ್ಲ. ನೀರಿನ ಟ್ಯಾಂಕರ್ ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ನಮ್ಮ ಓಣಿಯ ಎಂಟೂ ಮನೆಗಳನ್ನು ಕಟ್ಟಿದವನು ಒಬ್ಬನೇ ಮೇಸ್ತ್ರಿ. ಎಲ್ಲರ ತಾರಸಿಯ ಮೇಲೂ ಒಂದೇ ಅಳತೆಯ ತಗಡಿನ ಟ್ಯಾಂಕು. ಉದ್ದ ಮೂರಡಿ, ಅಗಲ ಮೂರಡಿ, ಎತ್ತರ ಮೂರಡಿ. ಒಂದು ಟ್ಯಾಂಕರ್ ಎಂಟು ಮನೆಗೆ ಸರಿಯಾಗಿ ಸಾಕಾಗುತ್ತಿತ್ತು.

ಗುಜರಿಯಲ್ಲಿ ನನಗೆ ಸಿಕ್ಕಿದ ಟ್ಯಾಂಕು ಎಲ್ಲ ಕಡೆಯಿಂದಲೂ ಆರಡಿ.

"ಫ್ಯಾಕ್ಟರಿ ಮಾಲು ಬೆಹನ್. ಮನೆಗೆ ಜಾಸ್ತಿ ದೊಡ್ಡದಾಗ್ತದೆ ನೋಡಿ," ಎಂದ ಅಂಗಡಿಯವನು.

"ಹೆದರಿಸಿ ರೇಟ್ ಏರಿಸ್ಬೇಡಿ ಭಾಯ್. ದೊಡ್ಡದು ಬೇಕಂತಾನೇ ಬಂದಿರೋದು."

ಹಳೆಯ ಟ್ಯಾಂಕನ್ನು ಅವನಿಗೇ ಹಾಕಿದೆ. ಎರಡನ್ನೂ ತೂಗಿಸಿದೆ. ತಗಡಿನ ದಪ್ಪ ಎರಡಕ್ಕೂ ಒಂದೇ; ಹೊಸದು ಹಳೆಯದರ ನಾಲ್ಕರಷ್ಟು ತೂಗಿತು. ಹಾಗಾದರೆ ನೀರೂ ನಾಲ್ಕರಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಖುಷಿಪಟ್ಟೆ. ನಾಲ್ಕು ಜನ ಹಗ್ಗ ಕಟ್ಟಿ ಮೇಲೆಳೆದು, ಹಳೆಯದು ಕೂತಿದ್ದ ಕಡೆಯೇ ಕೂರಿಸಿದರು. ಅದರ ನೇರ ಕೆಳಗೆ ಅಕ್ಕನ ಮಂಚ.

ಟ್ಯಾಂಕರ್ ಬಂದ ದಿನ ಓಣಿಯವರಿಗೆ ಹೇಳಿದೆ: ಇವತ್ತು ನನಗೆ ನಾಲ್ಕು ಪಾಲು, ಉಳಿದದ್ದು ನಾಲ್ಕು ಮನೆಗೆ, ಇನ್ನು ಮೂರು ಮನೆಯವರು ಮುಂದಿನ ಸಲಕ್ಕೆ ಕಾಯಲಿ.

"ಮನೇಲಿ ಆನೆ ಏನಾದ್ರೂ ಸಾಕಿದ್ದೀರೇನ್ರೀ?" ಎಂದಳು ಎದುರು ಮನೆಯಾಕೆ. ಆದರೂ ಒಪ್ಪಿಕೊಂಡರು. ಟ್ಯಾಂಕರಿನವನು ತನ್ನ ದಪ್ಪ ಪೈಪನ್ನು ತಾರಸಿಗೆ ಏರಿಸಿ, ಟ್ಯಾಂಕಿನೊಳಗೆ ಬಿಟ್ಟು, ಕೆಳಗೆ ಬಂದು ಪಂಪ್ ಹಾಕಿ, ಟೀ ಕುಡಿಯುತ್ತ ಕೂತ. ಫುಲ್ ಆಗೋವರೆಗೂ ಬಿಡು ಎಂದು ಅವನಿಗೆ ಹೇಳಿ ನಾನು ಒಲೆ ಕಡೆ ಹೋದೆ. ಸುಮಾರು ಹೊತ್ತಾದ ಮೇಲೆ ಅವನ ಕೂಗು ಕೇಳಿತು.

"ಅಮ್ಮಾ, ವಂಡಿ ಖಾಲಿ! ಟ್ಯಾಂಕರಲ್ಲಿ ಒಂದು ತೊಟ್ಟೂ ಇಲ್ಲ!"

"ಖಾಲಿನಾ? ನಾಲ್ಕು ಪಾಲು ತಾನೇ ಹೇಳಿದ್ದು?"

"ನೀವು ಫುಲ್ ಆಗೋವರೆಗೂ ಬಿಡು ಅಂದ್ರಿ. ಆರು ಸಾವಿರ ಲೀಟರೂ ಹೋಯ್ತು. ಈಗ ಕಂಠಕ್ಕೆ ಬಂದಿರ್ಬೇಕು, ಅಷ್ಟೇ."

ಓಣಿಯವರೆಲ್ಲ ಒಟ್ಟಿಗೆ ಬಾಯಿ ಮಾಡತೊಡಗಿದರು. ನನಗದು ಕೇಳಿಸಲೇ ಇಲ್ಲ. ಹೊಸ ಟ್ಯಾಂಕಿನೊಳಗೆ ಹಳೆಯ ಟ್ಯಾಂಕುಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ತಳಕ್ಕೆ ನಾಲ್ಕು. ಅವುಗಳ ಮೇಲೆ ಇನ್ನೂ ನಾಲ್ಕು. ತಗಡು ನಾಲ್ಕರಷ್ಟಾದರೆ ಹೊಟ್ಟೆ ಎಂಟರಷ್ಟು! ಎಂಟು ತಾರಸಿಗಳು ಹೊರುತ್ತಿದ್ದ ನೀರು, ಆರು ಟನ್ನು, ನಮ್ಮೊಂದೇ ತಾರಸಿಯ ಮೇಲೆ ಕೂತಿತ್ತು.

ಅಷ್ಟರಲ್ಲಿ ಮೇಲಿನಿಂದ ಅಕ್ಕನ ದನಿ. "ಲೇ, ಸುಣ್ಣ ಉದುರ್ತಿದೆ ಕಣೇ, ಮುಖದ ಮೇಲೆಲ್ಲಾ!"

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಕೋಣೆಯ ಬಾಗಿಲು ತಳ್ಳಿದರೆ ಅಲುಗಲಿಲ್ಲ. ಸೂರು ಬಾಗಿ ಚೌಕಟ್ಟನ್ನು ಅದುಮಿತ್ತು. ಬಾಗಿಲಿಗೆ ಕಾಲಿನಿಂದ ಒದ್ದೆ. ಆ ಏಟಿಗೆ ಸೂರೇ ಬಿದ್ದರೆ ಎಂದು ಮರುಕ್ಷಣವೇ ನಿಲ್ಲಿಸಿದೆ. ಬಾಗಿಲ ಪಕ್ಕದ ಕಿಟಕಿಗೆ ಕಬ್ಬಿಣದ ಸರಳು, ಅದನ್ನೂ ನಾನೇ ಗಟ್ಟಿಯಾದದ್ದನ್ನು ಆರಿಸಿ ತಂದದ್ದು.

"ನಲ್ಲಿ ಬಿಟ್ರೆ ಸಂಜೆ ಆಗ್ತದೆ," ಎಂದ ಹಿಂದೆಯೇ ಓಡಿ ಬಂದ ಟ್ಯಾಂಕರಿನವನು. "ಪೈಪಲ್ಲಿ ನೀರು ತುಂಬ್ಕೊಂಡೇ ಇದೆ. ತುದಿ ತಳಕ್ಕೆ ಇಳಿಸ್ತೀನಿ. ಕೆಳಗೆ ಪಂಪಿಂದ ಬಿಚ್ಚಿದ್ರೆ ತಾನಾಗೇ ಇಳೀತದೆ."

ಅವನು ತಾರಸಿಗೆ ಹೋಗುತ್ತಾನೆ ಎಂದಾಗ ಅವನ ತೂಕವೂ ನನಗೆ ಹೆದರಿಕೆ ತಂದಿತು. ಪುಣ್ಯಾತ್ಮ ಗೋಡೆಯಂಚಿನಲ್ಲೇ ನಡೆದು ಹೋಗಿ ಪೈಪಿನ ತುದಿ ಇಳಿಸಿ, ಕೆಳಗೆ ಓಡಿ ಇನ್ನೊಂದು ತುದಿ ಬಿಚ್ಚಿದ. ಕೆಳಗೆ ನೀರು ಭೋರೆಂದು ಟ್ಯಾಂಕರಿಗೆ ಬೀಳತೊಡಗಿತು. ನಾನು ಕಿಟಕಿ ಬಿಡಲಿಲ್ಲ. ಸೂರಿನಲ್ಲಿ ಮೂಲೆಯಿಂದ ಮೂಲೆಗೆ ಕೂದಲೆಳೆಯಂಥ ಒಂದು ಬಿರುಕು. ರೆಪ್ಪೆ ಮಿಟುಕಿಸಿದರೆ ಅಗಲವಾಗುತ್ತದೇನೋ ಎಂದು ಅದನ್ನೇ ನೋಡುತ್ತ ನಿಂತೆ.

"ಎಷ್ಟಕ್ಕೆ ತಂದ್ಯೇ ಅದನ್ನ?" ಎಂದಳು ಅಕ್ಕ, ದಿಂಬನ್ನು ತಲೆಯ ಮೇಲೆ ಇಟ್ಟುಕೊಂಡು.

"ಕಮ್ಮೀಗೇ ತಂದೆ."

"ಹೂಂ, ನಾನೊಬ್ಳು ಹೋದ್ರೆ ಇನ್ನೂ ಉಳಿತಾಯ."

ಅರ್ಧ ಗಂಟೆಯಾಗಿರಬೇಕು, ಮೇಲಿನ ನೀರು ಬಹಳಷ್ಟು ಇಳಿದ ಮೇಲೆ ಎದುರು ಮನೆಯಾಕೆಯೂ ಅವಳ ಗಂಡನೂ ಮೇಲೆ ಬಂದರು. ಮೂವರೂ ಭುಜ ಕೊಟ್ಟೆವು. ಚೌಕಟ್ಟು ಕಿರುಗುಟ್ಟಿತು, ಬಾಗಿಲು ಬಿಟ್ಟಿತು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಅವಳು ನರಳುತ್ತಿದ್ದರೂ ಬಿಡದೆ, ಕೆಳಗೆ ಹೊತ್ತು ತಂದೆವು. ಹೊರಗೆ ಟ್ಯಾಂಕರಿನವನು ಮನೆಮನೆಗೆ ಪಾಲು ಹಂಚುತ್ತಿದ್ದ. ಬೈಗುಳ ಆಗಲೇ ಸರತಿಯ ಜಗಳಕ್ಕೆ ತಿರುಗಿತ್ತು.

ನನ್ನ ಮಾತು ಕೇಳಿ: ಮೂರು ಕಡೆಯೂ ಟೇಪು ಹಿಡಿಯಿರಿ, ಮೂರನ್ನೂ ಗುಣಿಸಿ. ತಾರಸಿಯ ಮೇಲೆ ಏನನ್ನಾದರೂ ಇಡುವ ಮೊದಲು ಎಂಜಿನಿಯರನ್ನು ಕೇಳಿ. ಅವನ ಫೀಸಿಗೆ ಚೌಕಾಸಿ ಮಾಡಬೇಡಿ.

ನಡುಮನೆಯಲ್ಲಿ ಹಾಸಿಗೆ ಹಾಸಿ ಮಲಗಿಸಿದ ಮೇಲೆ ಅಕ್ಕ ಸೂರನ್ನೇ ನೋಡುತ್ತಿದ್ದಳು.

"ಇದರ ಮೇಲೇನಿದೆ?"

"ನಿನ್ನ ಕೋಣೆ."

"ಅದರ ಮೇಲೆ?"

"ಖಾಲಿ ಟ್ಯಾಂಕು."

"ಎಷ್ಟು ಖಾಲಿ?"

ಗೋಡೆಯಂಚು ಹಿಡಿದು ತಾರಸಿಗೆ ಹೋದೆ. ಬಟ್ಟೆ ಒಣಹಾಕುವ ಕೋಲನ್ನು ಟ್ಯಾಂಕಿನ ತಳದವರೆಗೆ ಇಳಿಸಿ, ಮೇಲೆತ್ತಿ, ಎಷ್ಟು ಒದ್ದೆಯಾಗಿದೆ ಎಂದು ಬೆರಳಿನಿಂದ ಅಳೆದೆ.