ನಾನು ಬರೆಯದ ಒಂಬತ್ತು ಬೋರ್ಡುಗಳು

ದೆವ್ವ, ಮಾಟ, ಮೈಮೇಲೆ ಬರುವುದು ಅಂತ ಯಾರಾದರೂ ಮಾತು ತೆಗೆದರೆ ನಗುತ್ತಿದ್ದವನು ನಾನು. ಅದಕ್ಕೆ ಕಾರಣವೂ ಇತ್ತು. ಚನ್ನಗಿರಿಯಲ್ಲಿ ಬಹಳ ವರ್ಷದಿಂದ ಬೋರ್ಡು ಬರೆಯುವುದೇ ನನ್ನ ಕಸುಬು. ಸಂತೇಬೆನ್ನೂರಿನಿಂದ ಬಸವಾಪಟ್ಟಣದವರೆಗೆ ಎಷ್ಟು ಜ್ಯೋತಿಷಿಗಳಿಗೆ ಬೋರ್ಡು ಬರೆದುಕೊಟ್ಟಿದ್ದೇನೋ ನನಗೇ ನೆನಪಿಲ್ಲ. ಅವರಲ್ಲೊಬ್ಬರು, ಕಳೆದುಹೋದ ವಸ್ತು ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುವವರು, ತಮ್ಮ ಬೋರ್ಡೇ ಕಳುವಾದಾಗ ಸೀದಾ ಪೊಲೀಸ್ ಠಾಣೆಗೆ ಓಡಿದ್ದರು. ಅದನ್ನು ನೋಡಿದ ಮೇಲೆ ನನಗೆ ಇಂಥದರಲ್ಲಿ ಭಯವೂ ಉಳಿಯಲಿಲ್ಲ, ಭಕ್ತಿಯೂ ಉಳಿಯಲಿಲ್ಲ. ಈಗ ನಾನು ಹೇಳುವುದನ್ನು ನೀವು ನಂಬಲೇಬೇಕು ಅಂತ ಹಟವೇನೂ ಇಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಹೊನ್ನಾಳಿಯಲ್ಲಿ ರುದ್ರೇಶಣ್ಣ ಅಂತ ಒಬ್ಬರಿದ್ದಾರೆ. ಅಡಿಕೆ ವ್ಯಾಪಾರ ಅವರ ಹೊಟ್ಟೆಪಾಡು, ಜೀಪು ಅವರ ಹುಚ್ಚು. ಹೊನ್ನಾಳಿ, ನ್ಯಾಮತಿ ಕಡೆ ತೋಟಕ್ಕೆಂದು ಜೀಪು ಇಟ್ಟುಕೊಂಡವರನ್ನೆಲ್ಲ ಸೇರಿಸಿ ಒಂದು ಗುಂಪು ಕಟ್ಟಿದ್ದರು. ಗಾಲಿ ಬದಲಿಸಿ, ಎತ್ತರ ಮಾಡಿಸಿ, ಮುಂದೆ ನಾಲ್ಕು ದೀಪ ಸಿಕ್ಕಿಸಿದರೆ ನಿನ್ನೆಯವರೆಗೆ ಗೊಬ್ಬರ ಹೊರುತ್ತಿದ್ದ ಜೀಪಿಗೂ ಒಂದು ಗತ್ತು ಬರುತ್ತದೆ. ಗತ್ತು ಬಂದ ಮೇಲೆ ಅದನ್ನು ತೋರಿಸಲು ಜಾಗ ಬೇಕಲ್ಲ! ಟಿವಿಯಲ್ಲಿ ಮರಳುಗಾಡಿನ ರೇಸು ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದ ರುದ್ರೇಶಣ್ಣನ ಕಣ್ಣಿಗೆ ಜಗಳೂರು ತಾಲ್ಲೂಕಿನ ಬಯಲು ಬಿತ್ತು. 'ಮರುಭೂಮಿ ರೇಸ್' ಅಂತ ಹೆಸರಿಟ್ಟು ಒಂದು ವರ್ಷ ನಡೆಸಿಯೂ ಬಿಟ್ಟರು. ದಾರಿ ತೋರಿಸಲು ಕಟ್ಟಿದ್ದ ಫ್ಲೆಕ್ಸುಗಳನ್ನೆಲ್ಲ ಆ ಬಯಲಿನ ಗಾಳಿ ಹರಿದು ಚಿಂದಿ ಮಾಡಿತಂತೆ. ಹಾಗಾಗಿ ಎರಡನೆಯ ವರ್ಷ ನನಗೆ ಫೋನು ಬಂತು. ಫ್ಲೆಕ್ಸ್ ಬಂದಾಗಿನಿಂದ ನಮ್ಮ ಕಸುಬು ಮಕಾಡೆ ಮಲಗಿದೆ. ಫ್ಲೆಕ್ಸು ಹರಿದ ಸುದ್ದಿ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ನಲವತ್ತು ಬೋರ್ಡು ಬರೆದೆ. ಪ್ಲೈವುಡ್ಡಿನ ಹಲಗೆ, ಹಳದಿ ಬಣ್ಣ, ಮೇಲೆ ಕೆಂಪು ಬಾಣ. ನಾನು ಎಡಚ. ನನ್ನ ಬಾಣದ ಬಾಲ ದಪ್ಪವಾಗಿ ಶುರುವಾಗಿ, ಮೂತಿ ಕೊಂಚ ಕೆಳಕ್ಕೆ ವಾಲುತ್ತದೆ. ಎಷ್ಟು ತಿದ್ದಿಕೊಂಡರೂ ಅದು ಹೋಗಿಲ್ಲ. ಹಲಗೆಯ ಬೆನ್ನಿಗೆ ಒಂದರಿಂದ ನಲವತ್ತರವರೆಗೆ ಕನ್ನಡ ಅಂಕಿ ಹಾಕಿದೆ. ಓಡಿಸುವವರಿಗೆ ನಕ್ಷೆ-ಗಿಕ್ಷೆ ಏನೂ ಕೊಡುವುದಿಲ್ಲ. ಬಾಣ ತೋರಿಸಿದ ಕಡೆ ನುಗ್ಗಬೇಕು, ಅದೇ ಆಟ.

ರೇಸಿನ ಹಿಂದಿನ ದಿನ ನಾನೂ ರುದ್ರೇಶಣ್ಣನೂ ಬೋರ್ಡು ನೆಡಲು ಹೋದೆವು. ದಾರಿಯಲ್ಲಿ ಒಂದು ಹೋಟೆಲ್ಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಅಲ್ಲಿನ ಹೆಂಗಸು ನಮ್ಮ ಜೀಪಿನ ಮೇಲಿದ್ದ ಬ್ಯಾನರನ್ನು ನಿಧಾನವಾಗಿ ಓದಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಮರುಭೂಮಿ ಅಂತ ಬರ್ಕೊಂಡು ಬಂದೀರಲ್ಲ, ಈ ಕಡೆ ಈರುಳ್ಳಿ ಐತೆ, ಆ ಕಡೆ ಮೆಕ್ಕೆಜೋಳ ಐತೆ. ಕಣ್ಣು ಕಾಣಲ್ವೇನ್ರೀ ನಿಮಗೆ?"

ರುದ್ರೇಶಣ್ಣ ಹೆ ಹೆ ಅಂತ ನಕ್ಕು, "ಅಕ್ಕಾ, ನಾಳೆ ನಿನ್ನ ಮಿರ್ಚಿ ಎಲ್ಲ ಖಾಲಿ ಮಾಡ್ತೀವಿ ಬಿಡು" ಅಂದರು. "ಖಾಲಿ ಮಾಡ್ರಿ, ಬ್ಯಾಡ ಅಂದೋರು ಯಾರು? ಹೋದ ವರ್ಷ ನಿಮ್ಮ ಧೂಳು ಮೂರು ದಿನ ನನ್ನ ಚಹಾದಾಗೆ ಇತ್ತು" ಅಂದಳು. ನಾವು ಬೇಗ ಬೇಗ ಚಹಾ ಮುಗಿಸಿ ಜೀಪು ಹತ್ತಿದೆವು.

ಅರ್ಧ ದಾರಿಗೆ ಒಂದು ದೊಡ್ಡ ಕಾವಲು ಬರುತ್ತದೆ, ದನ ಮೇಯುವ ಬಯಲು. ಮಳೆಗಾಲ ಆಗಷ್ಟೇ ಮುಗಿದಿತ್ತು. ಮೊಣಕಾಲಿನೆತ್ತರ ಹುಲ್ಲು ನಿಂತಿತ್ತು. ಅದರ ನಡುವೆ ಮೊದಲ ವರ್ಷದ ರೇಸಿನ ಗುರುತು ಹಾಗೇ ಇತ್ತು. ಗಾಲಿ ಉತ್ತ ಕಡೆಯಲ್ಲಿ ಮಳೆನೀರು ಹರಿದು ಎರಡು ಕೊರಕಲಾಗಿದ್ದವು. ಒಂದರಲ್ಲಿ ನಾನು ಇಳಿದು ನಿಂತರೆ ಮೊಣಕಾಲು ಮುಚ್ಚುತ್ತಿತ್ತು. ಮೇಲುಮಣ್ಣು ಹೋಗಿ ಬರೀ ಗರಸು ಉಳಿದಿತ್ತು, ಅಲ್ಲಿ ಒಂದೆಳೆ ಹುಲ್ಲಿಲ್ಲ. ಈ ಸಲದ ದಾರಿ ಅದರ ಪಕ್ಕದಲ್ಲೇ, ನಿಂತ ಹುಲ್ಲಿನ ನಟ್ಟನಡುವೆ.

ಇಪ್ಪತ್ತಮೂರನೇ ಬೋರ್ಡು ನೆಡಲು ಗುಣಿ ತೆಗೆಯುತ್ತಿದ್ದೆ. ರುದ್ರೇಶಣ್ಣ ದೂರದಲ್ಲಿ ಜೀಪಿನ ಬಳಿ ಫೋನಿನಲ್ಲಿದ್ದರು. ಆಗ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬರಿಗಾಲಿನ ಒಬ್ಬ ಹಿರಿಯರು ಬಂದರು. ಹೆಸರು ಓಬಯ್ಯ, ಹತ್ತಿರದ ಹಟ್ಟಿಯ ಕಿಲಾರಿ ಅಂತ ಆಮೇಲೆ ಗೊತ್ತಾಯಿತು. ಆ ಕಡೆ ಕೆಲವು ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ದನದ ಹಿಂಡು ಇರುತ್ತದೆ. ಅವನ್ನು ಹೂಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಆ ಹಿಂಡನ್ನು ಕಾಯುವವನೇ ಕಿಲಾರಿ. ಅವರು ಮೊದಲು ನೋಡಿದ್ದು ನನ್ನ ಬೂಟನ್ನು. ದೇವರ ದನ ಮೇಯುವ ಜಾಗದಲ್ಲಿ ಅವರು ಕಾಲಿಗೆ ಏನೂ ಹಾಕುವುದಿಲ್ಲವಂತೆ. ಆಮೇಲೆ ಹುಲ್ಲಿನ ಕಡೆಗೆ ಕೋಲು ಚಾಚಿದರು.

"ಇದು ಬ್ಯಾಸಿಗೆ ಮೇವು ಸ್ವಾಮಿ. ನೂರು ತಲೆ ಅದಾವೆ. ಮುಂದಿನ ಮಳೆ ತನಕ ಇದನ್ನೇ ತಿನ್ನಬೇಕು. ನಿಮ್ಮ ಆಟ ನೀವು ಆಡ್ರಿ. ಈ ಬಾಣ ಒಂದೀಟು ಆ ಕಡೆ ತಿರುಗಿಸಿದ್ರೆ ಹಳ್ಳದ ದಂಡೆ ಹಿಡಿದು ಸುತ್ತಿ ಹೋಗಾಕೆ ಬರ್ತೈತೆ. ಹುಲ್ಲು ಉಳೀತೈತೆ."

ನಾನು, "ಪಂಚಾಯ್ತಿಯಿಂದ ಒಪ್ಪಿಗೆ ಆಗೈತೆ ಯಜಮಾನ್ರೇ. ದಾರಿ ಗೊತ್ತು ಮಾಡೋರು ಬೇರೆ, ನಾನು ಬರೀ ಬೋರ್ಡು ಬರಿಯೋನು" ಅಂದೆ.

"ಬರಿಯೋರು ನೀವೇ ಅಂದ ಮ್ಯಾಲೆ ಆ ಕಡಿಗೆ ಬರೀರಿ ಮತ್ತೆ" ಅಂದರು. ಸಿಟ್ಟಿನಿಂದ ಅಂದಿದ್ದಲ್ಲ, ನನಗೆ ತಿಳಿಯಲಿಲ್ಲವೇನೋ ಅಂತ ತಿಳಿಹೇಳಿದಂತಿತ್ತು.

ನಾನು ಬರೆಯಲಿಲ್ಲ. ರುದ್ರೇಶಣ್ಣನನ್ನು ಕೂಗಿ ಒಂದು ಮಾತು ಕೇಳಬಹುದಿತ್ತು, ಅದನ್ನೂ ಮಾಡಲಿಲ್ಲ. ಬಹಳ ದಿನಕ್ಕೆ ಸಿಕ್ಕ ಕೆಲಸ, ಕಿರಿಕಿರಿ ಬೇಡ ಅನ್ನಿಸಿತು. ಅವರು ನೋಡುತ್ತಿದ್ದಂತೆಯೇ ಹುಲ್ಲಿನ ಕಡೆಗೆ ಬಾಣ ಮಾಡಿ ಗೂಟ ಬಡಿದೆ. ಬಡಿಯುವಾಗ ಅವರ ಮುಖ ನೋಡಲು ಆಗಲಿಲ್ಲ. ಉಳಿದ ಬೋರ್ಡುಗಳನ್ನೂ ನೆಟ್ಟು ನಲವತ್ತೂ ಮುಗಿಸಿ ಜಗಳೂರಿಗೆ ಬಂದು ಲಾಡ್ಜಿನಲ್ಲಿ ಮಲಗಿದೆವು. ರುದ್ರೇಶಣ್ಣನ ಗೊರಕೆಗೆ ನನಗೆ ಸರಿಯಾಗಿ ನಿದ್ದೆಯೇ ಹತ್ತಲಿಲ್ಲ.

ಮರುದಿನ ಬೆಳಗಿನ ಜಾವಕ್ಕೇ ರೇಸು ಶುರುವಾಗುವ ಜಾಗಕ್ಕೆ ಹೋದೆವು. ಅಲ್ಲಿಂದ ಆ ಕಾವಲಿಗೆ ನಡೆದರೆ ಎರಡು ತಾಸಿನ ದಾರಿ. ಸೂರ್ಯ ಹುಟ್ಟುವಾಗ ನಾನು ಏಣಿ ಮೇಲೆ ನಿಂತು ಬ್ಯಾನರ್ ಕಟ್ಟುತ್ತಿದ್ದೆ. ಕೆಳಗೆ ಹತ್ತಾರು ಜನ ನಿಂತು "ಎಡಕ್ಕೆ ಎತ್ತು, ಬಲಕ್ಕೆ ಇಳಿಸು" ಅಂತ ನನ್ನ ಪ್ರಾಣ ತಿನ್ನುತ್ತಿದ್ದರು. ಯಾರೋ ತೆಗೆದ ಫೋಟೋ ಇವತ್ತಿಗೂ ನನ್ನ ಮೊಬೈಲಿನಲ್ಲಿದೆ. ಹಿಂದೆ ಕೆಂಪು ಸೂರ್ಯ, ಮುಂದೆ ನಾನು, ಬಾಯಲ್ಲಿ ಸುತಳಿ.

ರೇಸು ಜೋರಾಗಿಯೇ ಆಯಿತು. ಸುತ್ತಲ ಹಳ್ಳಿಯ ಜನವೂ ಬಂದು ಕೇಕೆ ಹಾಕಿದರು, ಸುಳ್ಳೇಕೆ ಹೇಳಲಿ. ಗೆದ್ದವನು ನ್ಯಾಮತಿಯವನು. ಜೀಪಿನಿಂದ ಇಳಿದವನೇ ತಲೆಯ ಧೂಳು ಕೊಡವುತ್ತ, "ಅಣ್ಣಾ, ಹಳ್ಳದ ದಂಡೆ ಮೇಲೆ ಸುತ್ತು ಹಾಕಿಸಿದ್ದು ಯಾರು? ಮರಳು, ಬಂಡೆ, ಏರು, ಇಳುಕಲು! ಅಲ್ಲೇ ನೋಡ್ರಿ ಆಟ ಇದ್ದಿದ್ದು!" ಅಂದ. ಹಿಂದೆ ಬಂದವರೂ ಅದೇ ಮಾತು. ರುದ್ರೇಶಣ್ಣ ನನ್ನ ಕಡೆ ತಿರುಗಿ, "ಏನಯ್ಯಾ, ನನ್ನ ಕೇಳದೆ ದಾರಿ ಬದಲಾಯಿಸಿದೀಯಾ?" ಅಂತ ಕಣ್ಣು ಕೆಂಪಗೆ ಮಾಡಿದರು. ಎಲ್ಲರೂ ಹೊಗಳುತ್ತಿದ್ದಾರೆ ಅಂತ ಗೊತ್ತಾದ ಮೇಲೆ, "ನಾನೇ ಹೇಳಿದ್ದು, ನಾನೇ ಹೇಳಿದ್ದು" ಅಂತ ಮಾಲೆ ಹಾಕಿಸಿಕೊಂಡರು.

ಎಲ್ಲರೂ ಸೇರಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ ಅಂದುಕೊಂಡೆ. ಮಧ್ಯಾಹ್ನ ಬೋರ್ಡು ಕೀಳಲು ಒಬ್ಬನೇ ಜೀಪು ತಗೊಂಡು ಹೋದೆ. ಇಪ್ಪತ್ತೆರಡರವರೆಗೆ ಎಲ್ಲ ನೆಟ್ಟ ಹಾಗೇ ಇತ್ತು. ಇಪ್ಪತ್ತಮೂರರ ಬಾಣ ಹಳ್ಳದ ಕಡೆ ತಿರುಗಿತ್ತು. ಗಾಲಿಯ ಗುರುತೆಲ್ಲ ಹಳ್ಳದ ಕಡೆಗೇ ಹೊರಳಿದ್ದವು. ಕಾವಲಿನ ಹುಲ್ಲು ಒಂದೆಳೆ ಮುರಿಯದೆ ಗಾಳಿಗೆ ತೂಗುತ್ತಿತ್ತು.

ಯಾರೋ ಗೂಟ ತಿರುಗಿಸಿದ್ದಾರೆ, ಅಷ್ಟೇ ತಾನೆ ಅಂತ ನೀವು ಅನ್ನಬಹುದು. ನಾನೂ ಅಂದುಕೊಂಡೆ. ಆದರೆ ಕಾವಲು ಸುತ್ತಿ ನಮ್ಮ ಮೊದಲಿನ ದಾರಿ ಸೇರುವವರೆಗೆ ಹಳ್ಳದ ದಂಡೆಯ ಉದ್ದಕ್ಕೂ, ತಿರುವು ಬಂದಲ್ಲೆಲ್ಲ, ಹೊಸ ಬೋರ್ಡುಗಳಿದ್ದವು. ಒಂಬತ್ತು. ಅದೇ ಪ್ಲೈವುಡ್ಡು, ಅದೇ ಹಳದಿ, ಅದೇ ಕೆಂಪು. ಬಾಲ ದಪ್ಪ, ಮೂತಿ ಕೆಳಕ್ಕೆ. ನನ್ನ ಕೈ ನನಗೆ ಗೊತ್ತಾಗುವುದಿಲ್ಲವೇ? ಒಂದನ್ನು ಕಿತ್ತು ತಿರುಗಿಸಿ ನೋಡಿದೆ. ಬೆನ್ನಿಗೆ ನಲವತ್ತೊಂದು. ಮುಂದಿನದಕ್ಕೆ ನಲವತ್ತೆರಡು. ಹೀಗೇ ನಲವತ್ತೊಂಬತ್ತರವರೆಗೆ, ನನ್ನ ಅಂಕಿಯೇ. ರಾತ್ರಿಯ ಆ ಚಳಿಗೆ ಎನಾಮಲ್ ಪೇಂಟು ಒಣಗಲು ಒಂದಿಡೀ ದಿನ ಬೇಕು. ಮೂಸಿ ನೋಡಿದೆ, ವಾಸನೆ ಇಲ್ಲ. ಉಗುರಿನಿಂದ ಕೆರೆದು ನೋಡಿದೆ, ಕಲ್ಲಿನಂತೆ ಒಣಗಿತ್ತು. ಒಂಬತ್ತನ್ನೂ ಸಾಲಾಗಿ ಮಲಗಿಸಿ ಇನ್ನೊಂದು ಸಲ ಎಣಿಸಿದೆ.

ಅಷ್ಟರಲ್ಲಿ ಓಬಯ್ಯ ಬಂದರು. ಮುಖ ತುಂಬ ನಗು. ಎರಡೂ ಕೈ ಎತ್ತಿ ಮುಗಿದರು.

"ದನದ ಹೊಟ್ಟೆ ಉಳಿಸಿದ್ರಿ ಸ್ವಾಮಿ. ನಿನ್ನೆ ಬಿರುಸಾಗಿ ಮಾತಾಡಿದ್ರಿ, ಇವರ ಕೈಲಿ ಆಗಲ್ಲ ಬಿಡು ಅಂದ್ಕಂಡಿದ್ದೆ. ಸೂರ್ಯ ಹುಟ್ಟೋ ಹೊತ್ತಿಗೆ ಸರಿಯಾಗಿ ಬಂದುಬಿಟ್ರಲ್ಲ!"

"ನಾನು ಬಂದಿಲ್ಲ ಯಜಮಾನ್ರೇ" ಅಂದೆ.

"ಬಂದಿಲ್ವಾ! ಹಲಿಗೆ ಹೊತ್ಕಂಡು ಬಂದ್ರಿ, ಬೂಟು ಆ ಗಿಡದ ಬುಡದಾಗೆ ಬಿಟ್ರಿ, ಬರಿಗಾಲಾಗೆ ಓಡಾಡಿ ಎಲ್ಲ ನೆಟ್ರಿ. ಒಂದು ಮಾತೂ ಆಡಲಿಲ್ಲ. ಕಾಲಿಗೆ ಜಾಲಿಮುಳ್ಳು ಹೊಕ್ಕಾಗ ನಾನೇ ಅಲ್ವಾ ತೆಗೆದಿದ್ದು? ಎಡಗಾಲು, ಹಿಮ್ಮಡಿ. ರಕ್ತ ಬಂತು. ನೀರು ಕೊಟ್ಟೆ, ಕುಡಿದು ಹೊಂಟ್ರಿ."

ನಾನು ಮೊಬೈಲ್ ತೆಗೆದು ಏಣಿ ಮೇಲಿನ ಫೋಟೋ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಇದೂ ನೀವೇ, ಅದೂ ನೀವೇ" ಅಂತ ನಕ್ಕರು. ನಾನು ಮತ್ತೆ ಇಲ್ಲ, ಇಲ್ಲ ಅಂದರೆ, "ಒಳ್ಳೇದು ಮಾಡಿದೋರು ಹಿಂಗೇ ಅಂತಾರೆ" ಅಂದುಬಿಟ್ಟರು. ಆ ನಗುಮುಖದ ಮುಂದೆ ಎಷ್ಟು ಸಲ ಇಲ್ಲ ಅನ್ನುವುದು? ಕೊನೆಗೆ "ಹೂಂ" ಅಂದೆ. ಅಂದಾಗ ಆದ ನಾಚಿಕೆ ಈಗ ಬರೆಯುವಾಗಲೂ ಆಗುತ್ತಿದೆ.

ಆಮೇಲೆ ಎಷ್ಟೋ ಯೋಚನೆ ಮಾಡಿದ್ದೇನೆ. ರುದ್ರೇಶಣ್ಣ ತಮಾಷೆ ಮಾಡಿದರೇ? ಅವರು ಒಂದು ಸರಳ ಗೆರೆ ಎಳೆಯಲಾರರು, ಜೊತೆಗೆ ನನ್ನ ಪಕ್ಕದಲ್ಲೇ ಇದ್ದರು. ಓಬಯ್ಯನವರೇ ಮಾಡಿದರೇ? ನಲವತ್ತರ ಮುಂದಿನ ಅಂಕಿಯನ್ನು ನನ್ನ ಕೈಬರಹದಲ್ಲೇ ಬರೆಯಲು ಅವರಿಗೆ ಹೇಗೆ ಸಾಧ್ಯ? ನಿದ್ದೆಯಲ್ಲಿ ಎದ್ದು ನಾನೇ ಹೋಗಿದ್ದೆ ಅನ್ನೋಣ ಅಂದರೆ, ಸೂರ್ಯ ಹುಟ್ಟುವಾಗ ಏಣಿ ಮೇಲಿದ್ದವನು ಯಾರು? ಒಂಬತ್ತರಲ್ಲಿ ಒಂದು ಬೋರ್ಡನ್ನು ಇಟ್ಟುಕೊಂಡಿದ್ದೇನೆ, ಅಂಗಡಿಯಲ್ಲಿದೆ. ಬಂದವರು, "ನಿಮ್ಮ ಕೈ ಕೆಲಸ ಏನು ಚೆನ್ನ" ಅಂತಾರೆ. ನಾನು ತಲೆ ಆಡಿಸುತ್ತೇನೆ.

ಮುಂದಿನ ವರ್ಷ ರುದ್ರೇಶಣ್ಣ ದಾರಿ ನೋಡಲು ಹೊರಟಾಗ ನಾನೂ ಹೋದೆ. ಮೊದಲು ಹಟ್ಟಿಗೆ ಹೋಗಿ ಕೇಳೋಣ ಅಂದೆ. ಹೋದೆವು, ಕೇಳಿದೆವು. ಬ್ಯಾನರಿನಲ್ಲಿ 'ಬಯಲು ರೇಸ್' ಅಂತ ಬರೆದೆ. ಹಳ್ಳದ ದಂಡೆ ಕಿತ್ತುಹೋಗುತ್ತಿದೆ ಅಂತ ಈಗ ಅಲ್ಲಿನವರ ತಕರಾರು. ಅದೂ ನಿಜವೇ. ಜೀಪು ಹೋದ ಕಡೆ ನೆಲ ಸುಮ್ಮನೆ ಇರುತ್ತದೆಯೇ? ಅದನ್ನೂ ಕೂತು ಮಾತಾಡುತ್ತಿದ್ದೇವೆ.

ಒಂದು ಮಾತು ಮಾತ್ರ ಯಾರಿಗೂ ಹೇಳಿರಲಿಲ್ಲ. ರೇಸು ಮುಗಿದ ದಿನ ಸಂಜೆ ಮನೆಗೆ ಬಂದವನೇ ಬೂಟು ಬಿಚ್ಚಿ, ಕಾಲು ತೊಳೆದು, ಹಜಾರದಲ್ಲಿ ಕೂತು ಎಡಗಾಲು ಎತ್ತಿ ಹಿಮ್ಮಡಿ ನೋಡಿಕೊಂಡೆ. ಸರಿಯಾಗಿ ಕಾಣಲಿಲ್ಲ ಅಂತ ಹೆಂಡತಿಯನ್ನು ಕರೆದು ಮೊಬೈಲ್ ಟಾರ್ಚು ಹಿಡಿಯಲು ಹೇಳಿದೆ. ಅವಳು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಬಲಗಾಲನ್ನೂ ನೋಡಿದಳು.

"ಏನೂ ಇಲ್ಲ ಕಣ್ರೀ. ಮುಳ್ಳೂ ಇಲ್ಲ, ಗಾಯನೂ ಇಲ್ಲ" ಅಂದಳು.

"ಇನ್ನೊಂದು ಸಲ ನೋಡು" ಅಂದೆ.

ನೋಡಿದಳು. ಇರಲಿಲ್ಲ. "ಮುಳ್ಳು ಚುಚ್ಚಿಲ್ಲ ಅಂದ್ರೆ ಖುಷಿ ಪಡಬೇಕಪ್ಪ, ಮುಖ ಯಾಕೆ ಹಿಂಗೆ ಮಾಡ್ಕೊಂಡೀರಿ?" ಅಂತ ನಗುತ್ತ ಒಳಗೆ ಹೋದಳು. ಆ ಮುಳ್ಳು ತುಳಿದವನು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ನಾನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.