ಬನ್ನಿಯ ಬುಡ ಬಗೆಯುವ ಮುಮತಾಜ

ವಿಜಯದಶಮಿಯ ಮರುದಿನ. ಜೇವರ್ಗಿ ತಾಲ್ಲೂಕಿನ ನೆಲೋಗಿಯ ಹೊರಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತೊಗರಿ ಹೊಲದ ಬದುವಿನ ಮೇಲೆ ಮುಮತಾಜ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬನ್ನಿ ಮರವನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಕೈಯಲ್ಲಿ ಕುರ್ಪಿ, ಹೆಗಲಲ್ಲಿ ಬಟ್ಟೆಚೀಲ. ನಿನ್ನೆ ಸಂಜೆ ಊರೆಲ್ಲ ಬಂದು 'ಬಂಗಾರ' ಮುರಿದುಕೊಂಡು ಹೋಗಿದೆ. ಕೈಗೆಟುಕುವ ಟೊಂಗೆ ಒಂದೂ ಉಳಿದಿಲ್ಲ. ಮರದ ಗುರುತಿಗೆಂದು ಮುಮತಾಜ ಕಾಂಡಕ್ಕೆ ಕಟ್ಟಿದ್ದ ತಗಡಿನ ನಂಬರ್ ಬಿಲ್ಲೆಯೂ ಮಾಯ.

"ಎಲಿ ಒಯ್ಯಲಿರಿ, ಹಬ್ಬ ಅದ. ಆ ತಗಡ ಒಯ್ದು ಏನ್ ಮಾಡ್ತಾರ? ಯಾರಿಗೆ ಕೊಟ್ಟು ಕೈಮುಗಿತಾರ?" ಎನ್ನುತ್ತ ಬುಡದಲ್ಲಿ ಕೂತು ಮಣ್ಣು ಕೆದರತೊಡಗುತ್ತಾರೆ. ಬೇರಿನ ತೊಗಟೆ ಒಂದಿಷ್ಟು ಸುಲಿದು ಮೂಸಿ ನೋಡುತ್ತಾರೆ. ಹುಳಿ ವಾಸನೆ ಇಲ್ಲ. "ಸದ್ಯ, ಇದಕ್ಕ ಹತ್ತಿಲ್ಲ."

ಹತ್ತಬಾರದ್ದು ಬೇರುಕೊಳೆ. ಮರುಭೂಮಿಯಲ್ಲೂ ಬದುಕುವ ಬನ್ನಿ ನೀರಿಲ್ಲದಿದ್ದರೆ ಸಾಯುವ ಜಾತಿಯಲ್ಲ. ಆದರೆ ಈ ಶಿಲೀಂಧ್ರ ನೆಲದೊಳಗೇ ಬೇರು ತಿನ್ನುತ್ತ, ಒಂದು ಮರದ ಬೇರಿನಿಂದ ಪಕ್ಕದ ಮರದ ಬೇರಿಗೆ ದಾಟುತ್ತದೆ. ಬುಡದಲ್ಲಿ ಕಟ್ಟಿಗೆಯಂಥ ಕಂದು ಅಣಬೆ ಮೂಡುವ ಹೊತ್ತಿಗೆ ಮರದ ಕತೆ ಮುಗಿದಿರುತ್ತದೆ. ಕಲಬುರಗಿಯ ಸಂಶೋಧನಾ ಕೇಂದ್ರವೊಂದು ಈ ರೋಗದ ಬೆನ್ನು ಹತ್ತಿದೆ. ಜೇವರ್ಗಿ, ಅಫಜಲಪುರ, ಆಳಂದ ಮೂರೂ ತಾಲ್ಲೂಕುಗಳ ಬದುಗಳನ್ನು ಸುತ್ತಿ ಬೇರು, ಮಣ್ಣು, ಅಣಬೆ ತಂದುಕೊಡುವುದು ಮುಮತಾಜರ ಕೆಲಸ. ದಿನಗೂಲಿ.

ಅವರ ಬಾಲ್ಯ ಕಳೆದದ್ದು ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವುದರಲ್ಲಿ. "ಗಿಡಾ ಸುಟ್ಟೇ ದೊಡ್ಡಾಕಿ ಆದೆ. ಈಗ ಗಿಡಾ ಉಳಸ್ರಿ ಅಂತ ಊರೂರು ತಿರಗಾಕತ್ತೇನಿ." ಮೊದಮೊದಲು ಒಣಗುವ ಬನ್ನಿಗೆ ಕೊಡ ಕೊಡ ನೀರು ಹೊತ್ತು ಹಾಕಿದ್ದರು. ಕೇಂದ್ರದ ಸಸ್ಯರೋಗ ವಿಜ್ಞಾನಿ ಮೈತ್ರೇಯಿ ತಲೆ ಮೇಲೆ ಕೈಹೊತ್ತು, ಒದ್ದೆ ನೆಲವೆಂದರೆ ಈ ರೋಗಕ್ಕೆ ಹಬ್ಬ ಎಂದು ಬಿಡಿಸಿ ಹೇಳಬೇಕಾಯಿತು.

ಗಂಡ ದಾವಲಸಾಬರದು ಪಂಕ್ಚರ್ ಅಂಗಡಿ. ಹೆಂಡತಿಯ ನೌಕರಿ ಬಗ್ಗೆ ಅವರದ್ದು ಒಂದೇ ತಕರಾರು. "ಕೊಳತ ಬೇರು ತಂದು ಫ್ರಿಜ್ಜಿನ್ಯಾಗ ಇಡ್ತಾಳ್ರಿ. ಹಾಲಿನ ಬಾಜೂಕ!"

"ಬಿಸಲಾಗ ಇಟ್ರ ಕೆಡ್ತದ, ಮುಂಜಾನಿ ಬಸ್ಸಿಗಿ ಒಯ್ಯಬೇಕು, ಎಲ್ಲಿ ಇಡ್ಲಿ? ನಿಮ್ಮ ತಲಿ ಮ್ಯಾಲ ಇಡ್ಲೇನು?" ಇದು ಮುಮತಾಜರ ಉತ್ತರ.

ಬಸ್ಸಿನದು ಇನ್ನೊಂದು ಗೋಳು. ಚೀಲದ ವಾಸನೆಗೆ ಕಂಡಕ್ಟರು ಹಿಂದಿನ ಸೀಟಿಗೆ ಅಟ್ಟುತ್ತಾರೆ. ಅದಕ್ಕಿಂತ ದೊಡ್ಡ ಪರೇಶಾನಿ ಅಫಜಲಪುರ ಕಡೆಯ ಹಳ್ಳಿಯೊಂದರಲ್ಲಿ ಕಾದಿತ್ತು. ನಸುಕಿನಲ್ಲಿ ಮರದ ಬುಡ ಅಗೆಯುತ್ತಿದ್ದವರನ್ನು ಕಂಡು ನಿಧಿಗಳ್ಳಿ ಎಂದು ಊರು ನೆರೆಯಿತು. ಪೊಲೀಸರೂ ಬಂದರು. ಚೀಲ ಬಿಚ್ಚಿದ ಪೇದೆ ಮೂಗು ಮುಚ್ಚಿಕೊಂಡರು. ಮೈತ್ರೇಯಿ ಬಂದು ಗುರುತು ಹೇಳುವವರೆಗೆ ಮುಮತಾಜ ಠಾಣೆಯ ಬೆಂಚಿನ ಮೇಲೆಯೇ ಕೂತಿದ್ದರು. "ನಿಧಿ ಸಿಕ್ಕಿದ್ರ ಇದೇ ಸೀರಿ ಉಟಗೊಂಡು ಕುಂದರ್ತಿದ್ನೇನ್ರಿ ಅಂದೆ. ಯಾರಿಗೂ ನಗು ಬರಲಿಲ್ಲ."

ಆದರೆ ನಿಜವಾಗಿ ಅವರ ಸಹನೆ ಕೆಟ್ಟದ್ದು ಈ ಬೇಸಿಗೆಯಲ್ಲಿ, ಆಳಂದ ತಾಲ್ಲೂಕಿನ ಸರಸಂಬಾದಲ್ಲಿ. ಅಲ್ಲಿನ ರೈತ ದೌಲತರಾಯರ ಬದುವಿನಲ್ಲಿ ನಾಲ್ಕು ಬನ್ನಿ ಮರಗಳಿದ್ದವು. ತುದಿಯ ಮರಕ್ಕೆ ಕೊಳೆ ಹತ್ತಿತ್ತು. ಅದರ ಸುತ್ತ ಕಂದಕ ತೋಡಿ ಬೇರುಗಳ ನಂಟು ಕಡಿದರೆ ಉಳಿದ ಮೂರು ಬದುಕಬಹುದು ಎಂದು ಮೈತ್ರೇಯಿ ಚಳಿಗಾಲದಲ್ಲೇ ಹೇಳಿದ್ದರು. ಪೂಜೆ ಮಾಡುವ ಗಿಡದ ಬುಡಕ್ಕೆ ಗುದ್ದಲಿ ಹಚ್ಚುವುದೇ ಎಂದು ದೌಲತರಾಯರು ಒಪ್ಪಲಿಲ್ಲ. ಮುಮತಾಜ ಹೋದಾಗಲೆಲ್ಲ ಚಹಾ ಕೊಟ್ಟು ಕಳಿಸಿದರು, ಅಷ್ಟೇ.

ಒಂದು ಮುಂಜಾನೆ ಹೋಗಿ ನೋಡಿದರೆ ಬದುವಿನ ಮೇಲೆ ಜೆಸಿಬಿ ನಿಂತಿದೆ. ರೋಗ ತೊಗರಿಗೂ ಹಬ್ಬುತ್ತದೆ ಎಂದು ಯಾರೋ ದೌಲತರಾಯರ ಕಿವಿ ಊದಿದ್ದರು. ನಾಲ್ಕೂ ಮರ ಕಿತ್ತೊಗೆಯುವ ತಯಾರಿ.

"ನಿನ್ನೆ ತನಕ ಗುದ್ದಲಿ ಹಚ್ಚಬ್ಯಾಡ ಅಂದ್ರಿ, ಇವತ್ತು ಜೆಸಿಬಿ ತರಸೀರಿ. ನಿಮ್ಮ ಭಕ್ತಿ ಒಂದು ರಾತ್ರಿದಾಗ ಎಲ್ಲಿ ಹೋತ್ರಿ ಗೌಡ್ರ?" ಮುಮತಾಜ ಯಂತ್ರದ ಮುಂದೆ ಚೀಲ ಎಸೆದು ಅಲ್ಲೇ ಕೂತರು.

"ಏಳ ಬೇ, ಹೊಲ ನನ್ನದು," ದೌಲತರಾಯರು ಗದರಿದರು.

"ಹೊಲ ನಿಮ್ದು ಖರೆ. ಮ್ಯಾಲ ನೋಡ್ರಿ, ಅವು ಯಾರವು?"

ಒಣಗಿದ ಮರದ ಪೊಟರೆಯಲ್ಲಿ ಮೂರು ಮರಿ ಹಾಲಕ್ಕಿಗಳು, ಅಂಗೈ ಗಾತ್ರದ ಗೂಬೆಗಳು, ಕಣ್ಣರಳಿಸಿ ನೋಡುತ್ತಿದ್ದವು. ಗೂಬೆಯೆಂದರೆ ಅಪಶಕುನ ಎಂದು ದೌಲತರಾಯರು ಮತ್ತಷ್ಟು ಸಿಟ್ಟಾದರು. "ಹೊಲದಾಗಿನ ಇಲಿ ಹಿಡಿಯೋದು ಇವೇರಿ. ನೀವು ಇಲಿಗಿ ಔಷಧ ಇಡ್ತೀರಿ, ಇವಕ್ಕ ಜೆಸಿಬಿ ತರ್ತೀರಿ!" ಎಂದು ಮುಮತಾಜ ಕೂಗಾಡಿದರು. ಫೋನಿನಲ್ಲಿ ಮೈತ್ರೇಯಿ ಇದು ಬೇರೆ, ತೊಗರಿಗೆ ಬರುವ ರೋಗವೇ ಬೇರೆ ಎಂದು ತಾಳ್ಮೆಯಿಂದ ವಿವರಿಸಿದರು. ಬಿಸಿಲೇರಿತು. ಕೊನೆಗೆ ದೌಲತರಾಯರೇ ಬೇಸತ್ತು, "ಬಂದ ಗಾಡಿ ಖಾಲಿ ಯಾಕ ಹೋಗಬೇಕು, ನಿಮ್ಮ ಕಂದಕಾನ ತೋಡ್ರಿ ಮಾರಾಯ್ತಿ" ಎಂದರು. ಅದೇ ಜೆಸಿಬಿ ಒಣ ಮರದ ಸುತ್ತ ಎದೆಮಟ್ಟದ ಕಂದಕ ತೋಡಿತು.

ಮರಿಗಳು ಹಾರಿಹೋದವು. ಮೊದಲ ಮಳೆಗಾಳಿಗೆ ರೋಗದ ಮರ ಉರುಳಿತು. ಉಳಿದವುಗಳಲ್ಲಿ ಒಂದಕ್ಕೆ ಆಗಲೇ ಕೊಳೆ ದಾಟಿಯಾಗಿತ್ತು, ಅದೂ ಹೋಯಿತು. ಆ ಮಾತು ಬಂದರೆ ಮುಮತಾಜ ಈಗಲೂ ಹಲ್ಲು ಕಡಿಯುತ್ತಾರೆ. "ಅವತ್ತಿನ ಜಿದ್ದು ಚಳಿಗಾಲದಾಗೇ ಹಿಡಿದಿದ್ರ ಮೂರೂ ಉಳೀತಿದ್ದವು." ಮಿಕ್ಕ ಎರಡು ಮರಗಳು ಈಗ ಹಸಿರಾಗಿವೆ.

ಅಷ್ಟರಲ್ಲಿ, ನೆಲೋಗಿಯ ಬದುವಿನ ಮೇಲೆ, ಮುಮತಾಜರ ಮೊಬೈಲು ರಿಂಗಣಿಸುತ್ತದೆ. ದೌಲತರಾಯರು. ಮಾದನಹಿಪ್ಪರಗಾದಲ್ಲಿರುವ ಅಳಿಯನ ಹೊಲದ ಬನ್ನಿ ಒಣಗುತ್ತಿದೆಯಂತೆ.

"ನೋಡ್ರಿ, ಈಗ ಯಾರ ಗಿಡದ ಎಲಿ ಉದುರಿದ್ರೂ ನನಗೇ ಫೋನು. ಒಬ್ಬರು ಲಿಂಬಿ ಗಿಡ ಅಂತಾರ, ಒಬ್ಬರು ತುಳಸಿ ಅಂತಾರ. ಚಹಾ ಸೈತ ಕುಡಿಯಾಕ ಬಿಡಂಗಿಲ್ಲ." ಗೊಣಗುತ್ತಲೇ ಕುರ್ಪಿಯ ಮಣ್ಣು ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆಳಂದದ ಬಸ್ಸು ಹಿಡಿಯಲು ಬದು ಇಳಿಯುತ್ತ ಫೋನಿಗೆ ಜೋರಾಗಿ ಹೇಳುತ್ತಾರೆ: "ನೀರ ಹಾಕಬ್ಯಾಡ್ರಿ, ಕೊಡ್ಲಿ ಹಚ್ಚಬ್ಯಾಡ್ರಿ. ಏನೂ ಮಾಡಬ್ಯಾಡ್ರಿ. ನಾ ಬರ್ತೇನಿ."