ಮೀಟಿಂಗಮ್ಮ

ವಿಶ್ವವಿದ್ಯಾಲಯದಲ್ಲಿ ಸಹಕಾರ ನಿರ್ವಹಣೆ ಓದುವ ಆ ಹುಡುಗಿಗೆ ಗೆಳತಿಯರು ಇಟ್ಟ ಹೆಸರು ‘ಮೀಟಿಂಗಮ್ಮ’. ಹಾಸ್ಟೆಲಿನ ಕೋಣೆಯಲ್ಲಿ ಫ್ಯಾನು ಹಾಕಬೇಕೋ ಬೇಡವೋ ಎನ್ನುವುದಕ್ಕೂ ಅವಳು ಸಭೆ ಕರೆಯುತ್ತಾಳೆ. ಎಲ್ಲರೂ ಕೈ ಎತ್ತುವವರೆಗೆ ಸ್ವಿಚ್ಚು ಮುಟ್ಟಗೊಡುವುದಿಲ್ಲ. ಮೂಲೆಯಲ್ಲಿ ಮುದುರಿ ಕೂತವಳನ್ನೂ ಬಿಡದೆ, “ನೀನೇನು ಹೇಳ್ತೀಯಮ್ಮ? ಹೇಳಿದ್ರೆ ತಾನೇ ಗೊತ್ತಾಗೋದು,” ಎಂದು ಬಾಯಿ ಬಿಡಿಸುತ್ತಾಳೆ. ಅವಳಿಗೆ ಈ ಹುಚ್ಚು ಹತ್ತಿದ್ದು ಪುಸ್ತಕದಿಂದಲ್ಲ. ಅವಳ ಅಮ್ಮ ಹನ್ನೊಂದು ವರ್ಷ ಊರಿನ ಹಾಲಿನ ಸಂಘಕ್ಕೆ ಹಾಲು ಹಾಕಿದರೂ ಸದಸ್ಯತ್ವ ಅಪ್ಪನ ಹೆಸರಿನಲ್ಲಿತ್ತು. ವಾರ್ಷಿಕ ಸಭೆಯ ದಿನ ಅಮ್ಮ ಬಾಗಿಲ ಹೊರಗೇ ನಿಲ್ಲುತ್ತಿದ್ದಳು. ಕಳೆದ ರಜೆಯಲ್ಲಿ ಮಗಳು ನಿಯಮ ಓದಿ ಹೇಳಿದಳು, ಅಮ್ಮ ತಾನೇ ಅರ್ಜಿ ಹಾಕಿ ಸದಸ್ಯೆಯಾದಳು. ಈ ಸಲದ ಸಭೆಗೆ ಮಗಳು ಕ್ಷೇತ್ರ ಅಧ್ಯಯನಕ್ಕೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಅಧ್ಯಕ್ಷರು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಿಂದ ಅಮ್ಮ ಎದ್ದು ನಿಂತಳು. “ಮೊದ್ಲು ಹಾಲು ತೂಗೋ ಯಂತ್ರ ರಿಪೇರಿ ಮಾಡ್ಸಿ ಯಜಮಾನ್ರೇ, ಆಮೇಲೆ ನಿಧಾನವಾಗಿ ಮಾತಾಡಿ.” ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಭಾಷಣದ ಹಾಳೆ ಮಡಚಿ ಜೇಬಿಗಿಟ್ಟು, ಆ ಮಾತು ಬರೆದುಕೊಳ್ಳುವಂತೆ ಕಾರ್ಯದರ್ಶಿಗೆ ಹೇಳಿದರು. ಅಷ್ಟರಲ್ಲಾಗಲೇ ಹಿಂದಿನ ಬೆಂಚಿನಲ್ಲಿ ಮಗಳು ಅದನ್ನು ಬರೆದುಕೊಂಡಿದ್ದಳು, ಅಮ್ಮನ ಪೂರ್ತಿ ಹೆಸರಿನ ಸಮೇತ.